ಸಕ್ಕರೆಯ ಮೂಲ

ಪದವಿ ತರಗತಿಗಳಲ್ಲಿ ತತ್ಸಮ-ತದ್ಭವಗಳನ್ನು ಬೋಧಿಸುವಾಗ ನಾನು ಇಪ್ಪತ್ತೈದು ವರ್ಷಗಳಿಂದ ತಪ್ಪದೆ ಎತ್ತಿಕೊಳ್ಳುವ ಉದಾಹರಣೆ ‘ಸಕ್ಕರೆ’. ಸಂಸ್ಕೃತದ ‘ಶರ್ಕರಾ’ ಎಂಬ ಶಬ್ದಕ್ಕೆ ಹರಳು, ಮರಳು, ಸಣ್ಣ ಕಲ್ಲು ಎಂಬ ಅರ್ಥಗಳಿವೆ. ಕಬ್ಬಿನ ರಸ ಹರಳುಗಟ್ಟಿದಾಗ ಆ ಹೆಸರೇ ಅದಕ್ಕೂ ಬಂದಿತು. ಪ್ರಾಕೃತದ ‘ಸಕ್ಕರಾ’ ಕನ್ನಡದಲ್ಲಿ ‘ಸಕ್ಕರೆ’ಯಾಯಿತು; ಅದೇ ಶಬ್ದ ಪಶ್ಚಿಮಕ್ಕೆ ನಡೆದು ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಇಟಲಿಯಲ್ಲಿ ‘ಝುಕ್ಕೆರೊ’, ಜರ್ಮನ್ ನುಡಿಯಲ್ಲಿ ‘ತ್ಸುಕರ್’, ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ‘ಖಂಡ’ ಎಂಬ ಇನ್ನೊಂದು ಶಬ್ದ ‘ಕಂದ್’ ಆಗಿ, ‘ಕ್ಯಾಂಡಿ’ಯಾಗಿ ಮಕ್ಕಳ ಬಾಯಿಗೆ ಹಿಂದಿರುಗಿದೆ. ಒಂದು ಶಬ್ದ ಒಂದು ಬೆಳೆಯ ಬೆನ್ನೇರಿ ಅರ್ಧ ಭೂಮಂಡಲವನ್ನು ಸುತ್ತಿದ ಈ ಕಥೆ ವಿದ್ಯಾರ್ಥಿಗಳಿಗೆ ಹಿಡಿಸುತ್ತದೆ, ನನಗೂ ಹಿಡಿಸುತ್ತಿತ್ತು.

ಆ ಕಥೆಯಲ್ಲಿ ನಾನು ಹೇಳದೆ ಬಿಡುತ್ತಿದ್ದ ಒಂದು ತಿರುವಿದೆ. ಯುರೋಪಿನ ಉತ್ತರ ಭಾಗವನ್ನು ತಲುಪಿದ ಮೇಲೆ ಆ ಶಬ್ದವು ಕಬ್ಬಿನ ಕೈಬಿಟ್ಟು ಒಂದು ಗಡ್ಡೆಯ ಕೈ ಹಿಡಿಯಿತು. ಇಂದು ಜರ್ಮನಿ, ಫ್ರಾನ್ಸ್, ಪೋಲೆಂಡ್ ದೇಶಗಳಲ್ಲಿ ಬೆಳೆದು ತಯಾರಿಸುವ ಸಕ್ಕರೆ ಕಬ್ಬಿನದಲ್ಲ, ಸಕ್ಕರೆ ಬೀಟಿನದು. ಜಗತ್ತಿನ ಒಟ್ಟು ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಭಾಗ ಈ ಗಡ್ಡೆಯಿಂದ ಬರುತ್ತದೆ. ‘ಮೂಲ’ ಎಂಬ ಶಬ್ದಕ್ಕೆ ಉಗಮ ಎಂಬ ಅರ್ಥವಿರುವಂತೆಯೇ ಬೇರು ಎಂಬ ಅರ್ಥವೂ ಇದೆ. ಸಕ್ಕರೆಯ ಮೂಲವನ್ನು ಕುರಿತ ನನ್ನ ಪಾಠದಲ್ಲಿ ಎರಡನೆಯ ಅರ್ಥ ಇಲ್ಲದೆ ಹೋದದ್ದು ಮರೆವಿನಿಂದಲ್ಲ. ಅದಕ್ಕೊಂದು ಮನೆಯ ಕಾರಣವಿತ್ತು.

ನಮ್ಮದು ಕೃಷ್ಣಾ ನದಿಯ ದಂಡೆಯ, ಬೆಳಗಾವಿ ಸೀಮೆಯ ಜೈನ ಒಕ್ಕಲು ಮನೆತನ. ತಂದೆಯವರು ಕಬ್ಬು ಬೆಳೆಯುತ್ತಿದ್ದರು. ಕಾರ್ಖಾನೆಗೆ ಕಬ್ಬು ಕಳಿಸುವ ರೂಢಿ ಬೇರೂರುವ ಮೊದಲು ಹೊಲದ ಅಂಚಿನಲ್ಲಿಯೇ ಗಾಣ ಹೂಡಿ ಬೆಲ್ಲ ತೆಗೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕೊಪ್ಪರಿಗೆಯಲ್ಲಿ ಕುದಿಯುವ ರಸಕ್ಕೆ ಚಿಟಿಕೆ ಸುಣ್ಣ, ಜಜ್ಜಿದ ಬೆಂಡೆಗಿಡದ ಲೋಳೆ ಬಿದ್ದೊಡನೆ ಮಡ್ಡಿಯೆಲ್ಲ ನೊರೆಯಾಗಿ ಮೇಲೇಳುತ್ತಿತ್ತು. ಅದನ್ನು ಜಾಲರಿಯಿಂದ ತೆಗೆಯುವ ಹೊತ್ತಿಗೆ ಹದ ನೋಡಲು ಅವ್ವ ಬರುತ್ತಿದ್ದಳು. ಆಕೆ ಕಂದಮೂಲ ತ್ಯಾಗ ಮಾಡಿದವಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ, ಬೀಟ್‌ರೂಟ್ ಯಾವುದೂ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಶಾಸ್ತ್ರದ ಪರಿಭಾಷೆಯಲ್ಲಿ ಗಡ್ಡೆಗಳು ಅನಂತಕಾಯ. ಒಂದೇ ಶರೀರದಲ್ಲಿ ಎಣಿಸಲಾರದಷ್ಟು ಜೀವಗಳು ನೆಲೆಸಿರುವಂಥವು. ಅವ್ವ ಆ ಪರಿಭಾಷೆಯನ್ನು ಬಳಸುತ್ತಿರಲಿಲ್ಲ. ಆಕೆಯ ವಿವರಣೆ ಒಕ್ಕಲುತನದ್ದು: “ಕಬ್ಬ ಕಡದ್ರ ಕೂಳಿ ಉಳೀತೈತಿ, ಮತ್ತ ಚಿಗಿತೈತಿ. ಗಡ್ಡಿ ಕಿತ್ತರ ಏನ ಉಳೀತೈತಿ?” ಕಬ್ಬಿನ ಬುಡ ನೆಲದಲ್ಲಿಯೇ ಉಳಿದು ಮರುವರ್ಷ ಮತ್ತೆ ಬೆಳೆ ಕೊಡುವ ಕೂಳೆಯನ್ನು ಆಕೆ ಧರ್ಮಸೂಕ್ಷ್ಮವೊಂದರ ನಿದರ್ಶನವಾಗಿ ಕಂಡಿದ್ದಳು.

2016ರ ನವೆಂಬರಿನಲ್ಲಿ, ಚಾತುರ್ಮಾಸ ಮುಗಿದ ಮೇಲೆ, ಅವ್ವನನ್ನು ಕರೆದುಕೊಂಡು ಜರ್ಮನಿಗೆ ಹೋದೆ. ಮಗಳು ಆಗ ಹಿಲ್ಡೆಸ್‌ಹೈಮ್ ನಗರದ ಹತ್ತಿರ ನೆಲೆಸಿದ್ದಳು. ಎಪ್ಪತ್ತನಾಲ್ಕು ವರ್ಷದ ಅವ್ವ ಜೋಳದ ಹಿಟ್ಟು, ಬೇಳೆ, ಮಸಾಲೆ, ನೀರು ಸೋಸುವ ಬಟ್ಟೆ ಎಲ್ಲವನ್ನೂ ಕಟ್ಟಿಕೊಂಡಿದ್ದಳು. ತಾರದೆ ಇದ್ದುದು ಸಕ್ಕರೆಯೊಂದನ್ನೇ. ಸಕ್ಕರೆ ಎಲ್ಲಿದ್ದರೂ ಸಕ್ಕರೆಯೇ ಎಂಬುದು ಆಕೆಯ ನಂಬಿಕೆಯಾಗಿತ್ತು. ಆ ಪ್ರಾಂತದ ನೆಲ ಗಾಳಿ ತಂದು ಹರವಿದ ಮೆದುವಾದ ಹಳದಿ ಮಣ್ಣಿನದು. ಸಕ್ಕರೆ ಬೀಟಿಗೆ ಹೇಳಿ ಮಾಡಿಸಿದ್ದು. ವಸಂತದಲ್ಲಿ ಬಿತ್ತಿದ ಬೆಳೆಯನ್ನು ಸೆಪ್ಟೆಂಬರಿನಿಂದ ಕೀಳತೊಡಗುತ್ತಾರೆ. ನಾವು ಹೋದಾಗ ರಸ್ತೆಯ ಇಕ್ಕೆಲಗಳಲ್ಲಿ ಹೊಲದಂಚಿಗೆ ಆಳೆತ್ತರದ ರಾಶಿಗಳು ಮಂಜಿನಲ್ಲಿ ಉದ್ದಕ್ಕೂ ಮಲಗಿದ್ದವು. ಮಣ್ಣು ಮೆತ್ತಿದ, ಬಿಳಿ ತೊಗಲಿನ, ಮೂಲಂಗಿಯನ್ನು ಗಿಡ್ಡಗೆ ದಪ್ಪಗೆ ಮಾಡಿದಂತಹ ಗಡ್ಡೆಗಳು. ಅವ್ವ ಕಾರಿನ ಗಾಜು ಒರೆಸಿ ನೋಡಿ ಕೇಳಿದಳು: “ಏನದು ರಾಶಿ?” ನಾನು ತಡವರಿಸದೆ ಉತ್ತರಿಸಿದೆ: “ದನಕ್ಕ ಹಾಕೋ ಗಡ್ಡಿ, ಅವ್ವಾ.”

ಅದು ಪೂರ್ತಿ ಸುಳ್ಳಲ್ಲ. ರಸ ತೆಗೆದ ಮೇಲೆ ಉಳಿಯುವ ಹಿಪ್ಪೆ ದನಗಳ ಮೇವೇ ಆಗಿದೆ. ದನಕ್ಕೆಂದೇ ಬೆಳೆಯುವ ಬೀಟೂ ಉಂಟು. ಆದರೆ ಅಂದು ಬೆಳಿಗ್ಗೆ ಆಕೆ ಕುಡಿದ ಚಹಾದಲ್ಲಿದ್ದುದು ಆ ರಾಶಿಯ ರಸವೆಂಬುದನ್ನು ನಾನು ಬಲ್ಲವನಾಗಿದ್ದೆ. ಬಂದ ಮರುದಿನವೇ ಮಗಳು ಸಕ್ಕರೆಯ ಪೊಟ್ಟಣ ತೋರಿಸಿ, “ಇದು ಗಡ್ಡೆಯಿಂದ ಮಾಡಿದ್ದು, ಅಜ್ಜಿಗೆ ಹೇಳಬೇಕಲ್ಲವೇ?” ಎಂದಿದ್ದಳು. ಹೇಳಿದರೆ ಆಕೆ ಏನನ್ನೂ ಮುಟ್ಟದೆ ಮೂರು ವಾರ ಕಳೆದಾಳು, ಬಿಸ್ಕತ್ತಿನಿಂದ ಮೊದಲ್ಗೊಂಡು ಎಲ್ಲವನ್ನೂ ಶಂಕಿಸಿಯಾಳು ಎಂಬ ಅಂಜಿಕೆಯಿಂದ ನಾನು ಮಗಳ ಬಾಯಿ ಮುಚ್ಚಿಸಿದೆ. ಮಗಳಿಗೆ ಹೇಳಿದ ಕಾರಣ ಮಾತ್ರ ಪಾಂಡಿತ್ಯದ್ದು: ಹಸಿಶುಂಠಿ ವರ್ಜ್ಯ, ಒಣಶುಂಠಿ ಗ್ರಾಹ್ಯ, ಹಸಿ ಅರಿಷಿಣ ಒಲ್ಲದವರೂ ಅರಿಷಿಣದ ಪುಡಿಯನ್ನು ಬಳಸುತ್ತಾರೆ, ಅಂದಮೇಲೆ ಬೆಂಕಿ, ಸುಣ್ಣ, ಹಬೆಗಳನ್ನೆಲ್ಲ ದಾಟಿ ಬಂದ ಈ ಹರಳಿನಲ್ಲಿ ಜೀವದ ಮಾತೆಲ್ಲಿಯದು? ತರ್ಕ ಸರಿಯಾಗಿಯೇ ಇತ್ತು. ತರ್ಕ ಸರಿಯಾಗಿದ್ದರೆ ಅದನ್ನು ಅವ್ವನ ಮುಂದೆಯೇ ಇಡಬಹುದಿತ್ತೆಂಬುದು ಮಾತ್ರ ಆಗ ಹೊಳೆಯಲಿಲ್ಲ.

ಸಮೀಪದ ಒಂದು ಸಕ್ಕರೆ ಕಾರ್ಖಾನೆಯನ್ನು ಮಗಳ ಜೊತೆ ನೋಡಿಬಂದೆ. ಚಳಿಯ ಕಾರಣ ಅವ್ವ ಮನೆಯಲ್ಲಿ ಉಳಿದಳು. ಹಂಗಾಮಿನ ಸುಮಾರು ನಾಲ್ಕು ತಿಂಗಳು ಅಲ್ಲಿ ಹಗಲಿರುಳೆಂಬ ಭೇದವಿಲ್ಲ. ಕಿತ್ತ ಗಡ್ಡೆಯನ್ನು ಇಟ್ಟಷ್ಟೂ ಅದರ ಸಕ್ಕರೆ ಕರಗುತ್ತ ಹೋಗುವುದರಿಂದ ಲಾರಿಗಳು ಬಿಡುವಿಲ್ಲದೆ ಬರುತ್ತವೆ. ಗಡ್ಡೆಗಳು ನೀರಿನ ಕಾಲುವೆಗಳಲ್ಲಿ ಉರುಳಿ ಮಣ್ಣು, ಕಲ್ಲು, ಎಲೆ ಕಳೆದುಕೊಂಡು ಕತ್ತಿಗಳಿಗೆ ಸಿಕ್ಕಿ ಸಪೂರ ಎಳೆಗಳಾಗುತ್ತವೆ. ಕಬ್ಬನ್ನು ಹಿಂಡುವಂತೆ ಇದನ್ನು ಹಿಂಡುವುದಿಲ್ಲ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಎಳೆಗಳಿಗೆ ಎದುರಾಗಿ ಹರಿಸಿದಾಗ ಸಕ್ಕರೆ ತಾನಾಗಿ ನೀರಿಗಿಳಿಯುತ್ತದೆ. ಬೂದುಗಪ್ಪಿನ ಆ ರಸಕ್ಕೆ ಸುಣ್ಣದ ಹಾಲು ಬೆರೆಸಿ, ಸುಣ್ಣದ ಗೂಡಿನಿಂದಲೇ ಬಂದ ಇಂಗಾಲದ ಡೈಆಕ್ಸೈಡನ್ನು ಊದಿದರೆ ಸುಣ್ಣ ಮತ್ತೆ ಗಟ್ಟಿಯಾಗಿ ಮಡ್ಡಿಯನ್ನು ತನ್ನೊಡನೆ ತಳಕ್ಕೆಳೆಯುತ್ತದೆ. ಸೋಸಿದ ತಿಳಿರಸ ಹಬೆಯ ಪಾತ್ರೆಗಳಲ್ಲಿ ಇಂಗಿ ಪಾಕವಾಗಿ, ನಿರ್ವಾತದ ಕಡಾಯಿಯಲ್ಲಿ ಹರಳುಗಟ್ಟಿ, ಗಿರಗಿರನೆ ತಿರುಗುವ ಬುಟ್ಟಿಗಳಲ್ಲಿ ಕಾಕಂಬಿಯನ್ನು ಹೊರಚೆಲ್ಲಿ ಬೆಳ್ಳಗಾಗುತ್ತದೆ. ಸುಣ್ಣದ ವಾಸನೆ ಮೂಗಿಗೆ ಬಡಿದಾಗ ನನಗೆ ನಮ್ಮ ಹೊಲದ ಕೊಪ್ಪರಿಗೆ ನೆನಪಾಯಿತು. ಗಡ್ಡೆಯ ತೂಕದ ನೂರರಲ್ಲಿ ಹದಿನಾರು ಹದಿನೇಳು ಪಾಲು ಸಕ್ಕರೆಯೆಂದರು.

ಅಷ್ಟು ಸಕ್ಕರೆಯನ್ನು ಆ ಗಡ್ಡೆ ಯಾರಿಗಾಗಿ ಕೂಡಿಡುತ್ತದೆ? ಸಕ್ಕರೆ ಬೀಟ್ ಎರಡು ವರ್ಷ ಬಾಳುವ ಸಸ್ಯ. ಮೊದಲ ವರ್ಷ ಎಲೆಗಳು ದುಡಿದುದನ್ನು ಬೇರಿನಲ್ಲಿಟ್ಟು, ಚಳಿಗಾಲ ಕಳೆದು, ಎರಡನೆಯ ವರ್ಷದ ಹೂವು-ಬೀಜಗಳಿಗೆ ಅದನ್ನು ವ್ಯಯಿಸುವುದು ಅದರ ಬಾಳಿನ ಕ್ರಮ. ಬೀಜಕ್ಕೆಂದು ಬಿಟ್ಟ ಕೆಲವು ಗಿಡಗಳ ಹೊರತು ಉಳಿದವು ಹೂಬಿಡುವುದನ್ನು ಯಾರೂ ಕಾಣುವುದಿಲ್ಲ. ಈ ಸಂಗತಿಯನ್ನು ಅಲ್ಲಿ ಕೇಳಿ ತಿಳಿದಾಗ ಕೂಳೆಯ ಬಗೆಗೆ ಅವ್ವ ಆಡುತ್ತಿದ್ದ ಮಾತು ಮೊದಲ ಬಾರಿಗೆ ನನ್ನ ತರ್ಕಕ್ಕೆ ಅಡ್ಡ ಬಂದು ನಿಂತಿತು.

ಊರಿಗೆ ಮರಳಿದ ಮೇಲೆ ಈ ಬೆಳೆಯ ಚರಿತ್ರೆಯನ್ನು ಓದತೊಡಗಿದೆ. ಕುತೂಹಲದ ಜೊತೆಗೆ ನನ್ನ ಮೌನಕ್ಕೊಂದು ಸಮರ್ಥನೆ ಸಿಕ್ಕೀತೆಂಬ ಆಸೆಯೂ ಅದರಲ್ಲಿತ್ತು. ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ 1747ರಲ್ಲಿ ಬೀಟಿನ ಒಣಗಿದ ಬೇರನ್ನು ಮದ್ಯಸಾರದಲ್ಲಿ ಕುದಿಸಿ ಹರಳು ಪಡೆದು, ಅದು ಕಬ್ಬಿನ ಸಕ್ಕರೆಯೇ ಎಂದು ಸೂಕ್ಷ್ಮದರ್ಶಕದಿಂದ ನೋಡಿ ನಿರ್ಣಯಿಸಿದನು. ಅವನ ಶಿಷ್ಯ ಫ್ರಾಂಜ್ ಕಾರ್ಲ್ ಆಖರ್ಡ್ ಪ್ರಷ್ಯದ ದೊರೆಯ ನೆರವಿನಿಂದ ಸೈಲೇಶಿಯದ ಕುನೆರ್ನ್ ಎಂಬಲ್ಲಿ 1801ರಲ್ಲಿ ಸ್ಥಾಪಿಸಿದ ಕಾರ್ಖಾನೆ ಮರುವರ್ಷ ಸಕ್ಕರೆ ತೆಗೆಯಿತು. 1807ರಲ್ಲಿ ಆ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. 1821ರಲ್ಲಿ ಆಖರ್ಡ್ ಬಡತನದಲ್ಲಿ ತೀರಿಕೊಂಡನು.

ಅವನ ಗಡ್ಡೆಯನ್ನು ಉಳಿಸಿದ್ದು ಯುದ್ಧ. ಆ ಕಾಲದ ಯುರೋಪಿಗೆ ಸಕ್ಕರೆ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಎಲ್ಲಕ್ಕಿಂತ ಹೆಚ್ಚು ಸಕ್ಕರೆ ಬೆಳೆಯುತ್ತಿದ್ದ ಫ್ರೆಂಚರ ಸ್ಯಾನ್ ದೊಮಿಂಗ್‌ನಲ್ಲಿ 1791ರಲ್ಲಿ ಗುಲಾಮರು ದಂಗೆಯೆದ್ದು, 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನು ಕಟ್ಟಿದರು. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಡಲಾಚೆಯ ಸಕ್ಕರೆ ಇನ್ನಷ್ಟು ದುರ್ಲಭವಾಯಿತು. 1811ರ ಮಾರ್ಚ್ ತಿಂಗಳಿನಲ್ಲಿ ಆತ 32,000 ಹೆಕ್ಟೇರ್ ನೆಲದಲ್ಲಿ ಬೀಟ್ ಬೆಳೆಯಬೇಕೆಂದು ಆಜ್ಞಾಪಿಸಿದನು. ಮರುವರ್ಷದ ಆರಂಭದಲ್ಲಿ ಪ್ಯಾರಿಸ್ ಬಳಿಯ ಪಾಸಿಯಲ್ಲಿದ್ದ ಬೆಂಜಮಿನ್ ದೆಲೆಸ್ಸೇರ್‌ನ ಕಾರ್ಖಾನೆಗೆ ಬಂದು, ಬೆಳ್ಳನೆಯ ಬೀಟ್ ಸಕ್ಕರೆಯನ್ನು ಕಂಡು, ತನ್ನ ಎದೆಯ ಮೇಲಿದ್ದ ಗೌರವಪದಕವನ್ನು ತೆಗೆದು ಅವನಿಗೆ ತೊಡಿಸಿದನೆಂದು ಪ್ರಸಿದ್ಧಿ.

ಇದೇ ಕಾಲದ ಇನ್ನೊಂದು ಎಳೆ ನನ್ನನ್ನು ಹೆಚ್ಚು ಕಾಡಿತು. 1791ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಫಾಕ್ಸ್ ಪ್ರಕಟಿಸಿದ ಕಿರುಹೊತ್ತಗೆಯನ್ನು ಓದಿ ಸಾವಿರಾರು ಮನೆಗಳ ಜನ ಗುಲಾಮರು ಬೆಳೆದ ಸಕ್ಕರೆಯನ್ನು ಬಿಟ್ಟರು. ಅವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಮುಂದೆ, ತಮ್ಮ ಸಕ್ಕರೆ ಭಾರತದ್ದು, ಗುಲಾಮರು ಬೆಳೆದದ್ದಲ್ಲ ಎಂದು ಬರೆಯಿಸಿದ ಪಿಂಗಾಣಿ ಬಟ್ಟಲುಗಳೂ ಮೇಜಿನ ಮೇಲೆ ಬಂದವು. ಅಮೆರಿಕದ ಗುಲಾಮಗಿರಿ ವಿರೋಧಿ ಡೇವಿಡ್ ಲೀ ಚೈಲ್ಡ್ ಯುರೋಪಿಗೆ ಹೋಗಿ ಬೀಟಿನ ವಿದ್ಯೆ ಕಲಿತು, 1838ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥ್ಯಾಂಪ್ಟನ್ನಿನಲ್ಲಿ ಬೀಟ್ ಸಕ್ಕರೆ ತಯಾರಿಸತೊಡಗಿದನು. ಗುಲಾಮರ ಬೆವರು ಬೀಳದ ಸಕ್ಕರೆಯನ್ನು ಜನರಿಗೆ ಕೊಡಬೇಕೆಂಬುದು ಅವನ ಹಂಬಲ. ಕೆಲವೇ ವರ್ಷಗಳಲ್ಲಿ ಆ ಉದ್ಯಮ ನಷ್ಟದಲ್ಲಿ ಮುಗಿಯಿತು.

ನಾನು ಹುಡುಕುತ್ತಿದ್ದ ಸಮರ್ಥನೆ ಸಿಕ್ಕಿತೆಂದು ಹಿಗ್ಗಿದೆ. ಅವ್ವನಿಗೆ ಹಿಂಸೆಯಾಗಿ ಕಾಣುವ ಗಡ್ಡೆಯೇ ಚೈಲ್ಡ್‌ನಿಗೆ ಅಹಿಂಸೆಯ ಬೆಳೆಯಾಗಿತ್ತಲ್ಲ! ಹಿಗ್ಗು ಬಹಳ ದಿನ ನಿಲ್ಲಲಿಲ್ಲ. ಹಳೆಯ ಬಗೆಯ ಬೀಟಿನ ಒಂದೊಂದು ಬೀಜದ ಉಂಡೆಯಿಂದ ಹಲವು ಸಸಿಗಳು ಒತ್ತಾಗಿ ಏಳುತ್ತಿದ್ದವು. ಒಂದನ್ನುಳಿಸಿ ಮಿಕ್ಕವನ್ನು ಕೈಯಿಂದಲೇ ಕೀಳಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪೋಲಿಶ್ ಬಡವರು, ಅವರಲ್ಲಿಯೂ ಹೆಣ್ಣುಮಕ್ಕಳು, ಗುಂಪುಗುಂಪಾಗಿ ಜರ್ಮನಿಯ ಬೀಟ್ ಹೊಲಗಳಿಗೆ ಗುಳೆ ಬಂದು ಮೊಣಕಾಲೂರಿ ತೆವಳುತ್ತ ಈ ಕೆಲಸ ಮಾಡಿದರು. ಸ್ಯಾಕ್ಸನಿಗೆ ಹೋಗುವವರು ಎಂಬುದೇ ಅವರ ಹೆಸರಾಗಿತ್ತು. ಒಂಟಿಬೀಜದ ತಳಿಗಳು ಹೊಲಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದ ಬಳಿಕ. ಇನ್ನು ಶುದ್ಧೀಕರಣದ ಮಾತು: ಈಗಿನ ಬೀಟ್ ಕಾರ್ಖಾನೆಯಲ್ಲಿ ಸುಣ್ಣ ಮಾಡುವ ಕೆಲಸವನ್ನು ಅಂದು ಬಹುಮಟ್ಟಿಗೆ ಪ್ರಾಣಿಗಳ ಎಲುಬು ಸುಟ್ಟ ಇದ್ದಿಲು ಮಾಡುತ್ತಿತ್ತು.

ಆ ಬೀಟ್ ಸಕ್ಕರೆ ನಮ್ಮ ನಾಡಿಗೂ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ ಮತ್ತು ಆಸ್ಟ್ರಿಯ ತಮ್ಮ ಸರಕಾರಗಳ ರಫ್ತು ಸಹಾಯಧನದ ಬಲದಿಂದ ಭಾರತದ ಬಂದರುಗಳಿಗೆ ಅಗ್ಗದ ಬೀಟ್ ಸಕ್ಕರೆಯನ್ನು ಸುರಿದಾಗ, 1899ರಲ್ಲಿ ಇಲ್ಲಿಯ ಬ್ರಿಟಿಷ್ ಸರಕಾರ ಅದರ ಮೇಲೆ ಪ್ರತಿಸುಂಕ ಹೇರಿತು. 1905ರ ಸ್ವದೇಶಿ ಚಳವಳಿಯಲ್ಲಿ ವಿದೇಶಿ ಸಕ್ಕರೆಯಲ್ಲಿ ಎಲುಬು, ನೆತ್ತರು ಇದೆಯೆಂಬ ಮಾತು ಹಳ್ಳಿಹಳ್ಳಿಗೂ ಹಬ್ಬಿತು. ಎಲುಬಿನ ಮಾತು ನಿರಾಧಾರವಾದ ವದಂತಿಯಾಗಿರಲಿಲ್ಲ. ಅದು ಗಡ್ಡೆಯ ಸಕ್ಕರೆಯೂ ಆಗಿರಬಹುದೆಂದು ಕಂದಮೂಲ ತ್ಯಾಗಿಗಳಾದ ನಮ್ಮ ಹಿರಿಯರಿಗೆ ಹೇಳಿದವರು ಇದ್ದರೋ ಇಲ್ಲವೋ! ನನ್ನ ಅಜ್ಜಿಯ ಅತ್ತೆಯಂಥವರು ಅರಿಯದೆ ಅದನ್ನು ಪ್ರಸಾದದಲ್ಲಿ ಬೆರೆಸಿರಬಹುದು. ಹಾಗೆ ಯೋಚಿಸಿದಾಗ ಅರಿಯದೆ ತಿನಿಸಿದವರಿಗೂ ಅರಿತು ತಿನಿಸಿದ ನನಗೂ ಇರುವ ಅಂತರ ಕಣ್ಣಿಗೆ ರಾಚಿತು.

ಮರುವರ್ಷದ ಬೇಸಿಗೆಯಲ್ಲಿ, ಪಡಸಾಲೆಯಲ್ಲಿ ಕುಳಿತು ಬೇಳೆ ಆರಿಸುತ್ತಿದ್ದ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮೊರದ ಮೇಲಿನ ಕೈ ನಿಲ್ಲಲಿಲ್ಲ. ಒಣಶುಂಠಿಯ ತರ್ಕವನ್ನೂ ಒಪ್ಪಿಸಿದೆ. ಅದನ್ನು ಪೂರ್ತಿ ಕೇಳಿಸಿಕೊಂಡು ಹೇಳಿದಳು: “ಶುಂಠಿ ಏನಂತ ತಿಳದ ತಿಂತೀನಿ. ಇದನ್ನ ತಿಳೀದಂಗ ತಿನಿಸಿದಿ.” ಸ್ವಲ್ಪ ಹೊತ್ತಿನ ಮೇಲೆ, “ಆ ರಾಶಿ ಅದ ಏನ?” ಎಂದಳು. ಹೌದೆಂದೆ. ಮತ್ತೇನೂ ಕೇಳಲಿಲ್ಲ.

ಅಂದಿನಿಂದ ಆ ವರ್ಷದ ಚಾತುರ್ಮಾಸ ಮುಗಿಯುವ ತನಕ ಆಕೆ ಸಿಹಿಯನ್ನು ಬಿಟ್ಟಳು. ಸಕ್ಕರೆ ಮಾತ್ರವಲ್ಲ, ನಮ್ಮ ಹೊಲದ ಕಬ್ಬಿನ ಬೆಲ್ಲವನ್ನೂ ಕೂಡ. ಬಾಹ್ಯ ತಪಗಳಲ್ಲಿ ರಸಪರಿತ್ಯಾಗವೆಂಬುದೊಂದುಂಟು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಎಲ್ಲವನ್ನೋ ತೊರೆಯುವುದು. ತೊರೆದಿದ್ದೇನೆಂದು ಆಕೆ ಯಾರಿಗೂ ಹೇಳಲಿಲ್ಲ. ಚಹಾ ಹೀಗೇಕೆಂದು ಕೇಳಿದವರಿಗೆ ವೈದ್ಯರ ಹೆಸರು ಹೇಳಿದ್ದೂ ಇಲ್ಲ, ಸುಮ್ಮನೆ ನಗುತ್ತಿದ್ದಳು. ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅದು ಎಂದಾದರೂ ಮುಗಿಯುತ್ತಿತ್ತು. ಬದಲಾದದ್ದು ಒಂದೇ. ಮುಂಚೆ ನಾನು ಕೊಟ್ಟ ಮಾತ್ರೆಯನ್ನು ನೋಡದೆ ನುಂಗುತ್ತಿದ್ದವಳು ಆಮೇಲೆ ಅಂಗೈ ಮೇಲಿಟ್ಟುಕೊಂಡು, “ಇದರಾಗ ಏನೈತಿ? ಖರೇ ಹೇಳ” ಎನ್ನುತ್ತಿದ್ದಳು. ಓದಿದ ಮಗನ ಮಾತಿಗೆ ಎರಡನೆಯ ಬಾರಿ ಪ್ರಮಾಣ ಬೇಕಾಯಿತು. ಕೊನೆಯ ಕಾಯಿಲೆಯಲ್ಲಿಯೂ ಆ ಪ್ರಶ್ನೆ ತಪ್ಪಲಿಲ್ಲ. ಆಗೆಲ್ಲ ನಾನು ಚೀಟಿಯನ್ನು ಓದಿ, ಔಷಧಿ ಅಂಗಡಿಗೆ ಫೋನು ಮಾಡಿ, ತಿಳಿದದ್ದನ್ನೇ ಹೇಳಿದ್ದೇನೆ. ಪ್ರಾಣಿಜನ್ಯವಾದ ಹೊದಿಕೆಯುಳ್ಳದ್ದೆಂದು ತಿಳಿದ ಒಂದು ಗುಳಿಗೆಯನ್ನು ಆಕೆ ಬೇಡವೆಂದಾಗ, ಬೇರೆಯದನ್ನು ಬರೆಸಿಕೊಂಡು ಬರಲು ಎರಡು ದಿನ ತಿರುಗಿದ್ದೇನೆ. ಅವ್ವ ತೀರಿಕೊಂಡು ಈಗ ನಾಲ್ಕು ವರ್ಷ.

ಕಳೆದ ವರ್ಷ ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರಿಗೆ, ಕಬ್ಬಿನದಾಗಲಿ ಗಡ್ಡೆಯದಾಗಲಿ ಹರಳು ಒಂದೇ ಅಲ್ಲವೇ, ಅದಕ್ಕೆ ತನ್ನ ಮೂಲದ ನೆನಪಿಲ್ಲವಲ್ಲ ಎಂದೆ. ಅವರು ತಿದ್ದಿದರು. ಎರಡೂ ಸುಕ್ರೋಸೇ, ನಾಲಗೆಗೆ ಭೇದ ತಿಳಿಯದು. ಆದರೆ ಕಬ್ಬು ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ಬಗೆಯೇ ಬೇರೆ, ಬೀಟಿನದೇ ಬೇರೆ. ಅದರಿಂದಾಗಿ ಇಂಗಾಲ-13 ಎಂಬ ತುಸು ಭಾರವಾದ ಪರಮಾಣುಗಳು ಕಬ್ಬಿನ ಸಕ್ಕರೆಯಲ್ಲಿ ಸ್ವಲ್ಪ ಹೆಚ್ಚಾಗಿ ಉಳಿಯುತ್ತವೆ; ತಕ್ಕ ಉಪಕರಣವಿದ್ದರೆ ಹರಳನ್ನು ನೋಡಿ ಗಿಡವನ್ನು ಹೇಳಬಹುದು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಹೀಗೆಯೇ ಪತ್ತೆ ಮಾಡುತ್ತಾರಂತೆ. ಸುಟ್ಟು, ಸೋಸಿ, ಬಿಳಿಚಿಸಿದ ಮೇಲೂ ಮೂಲ ಅಳಿದಿರುವುದಿಲ್ಲ.

ಈಚೆಗೆ ಮಗಳು ತನ್ನ ಮನೆಯಲ್ಲಿ ಕಬ್ಬಿನ ಸಕ್ಕರೆಯನ್ನೇ ತರುತ್ತಾಳೆ. ಪೊಟ್ಟಣದ ಮೇಲೆ ಗಿಡದ ಹೆಸರಿದೆ, ದೂರದ ದೇಶವೊಂದರ ಹೆಸರಿದೆ, ಕಡಿದವರಾರೆಂಬುದಿಲ್ಲ. ನಮ್ಮ ಹೊಲದ ಕಬ್ಬನ್ನು ಕಡಿಯಲು ಹಂಗಾಮಿನಲ್ಲಿ ಮರಾಠವಾಡದಿಂದ ಬರುವ ಟೋಳಿಗಳು ಜೋಪಡಿ ಹಾಕಿಕೊಂಡು, ಕೂಸುಗಳನ್ನು ಬದುವಿನ ಮೇಲೆ ಮಲಗಿಸಿ ದುಡಿಯುತ್ತವೆ. ಅವ್ವ ಇದ್ದಷ್ಟು ದಿನ ಅವರಿಗೆ ಮಜ್ಜಿಗೆ ಕಳಿಸುತ್ತಿದ್ದಳು. ಹುಳುಹುಪ್ಪಟೆ ಸತ್ತಾವೆಂದು ರವದಿಗೆ ಬೆಂಕಿ ಹಚ್ಚಲು ಬಿಡುತ್ತಿರಲಿಲ್ಲ. ಆ ಟೋಳಿಯವರ ಕೂಲಿಯೆಷ್ಟು, ಮುಂಗಡದ ಲೆಕ್ಕವೇನು ಎಂದು ನಾನು ಈ ಸಲ ಮೊದಲ ಬಾರಿಗೆ ಕೇಳಿದೆ. ಕೇಳಿದ್ದನ್ನು ತಮ್ಮನ ಜೊತೆ ಮಾತಾಡುವುದಿದೆ. ಹೊಲ ಈಗ ಅವನ ಪಾಲಿನದು.

ತರಗತಿಯಲ್ಲಿ ‘ಸಕ್ಕರೆ’ ಎಂಬ ಉದಾಹರಣೆಯನ್ನು ಈಗಲೂ ಕೊಡುತ್ತೇನೆ. ಶರ್ಕರೆಯಿಂದ ತೊಡಗಿ ಗಡ್ಡೆಯ ತನಕ, ಯಾವುದನ್ನೂ ಬಿಡದೆ ಹೇಳುತ್ತೇನೆ.